ಹೀರೆ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಕಿರುಬೆರಳಷ್ಟಾಗಿ ಉದುರುತ್ತದೆ. ಜೇನು ಬರಲು ಕುಂಡದಲ್ಲಿ ಯಾವ ಹೂವು ಬೆಳೆಸಲಿ?

ಪ್ರಶ್ನೆ: ಅರ್ಧ ತಾರಸಿ, ಬಸವೇಶ್ವರನಗರ

ಎಲ್ಲರಿಗೂ ನಮಸ್ಕಾರ. ಬಸವೇಶ್ವರನಗರದಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ ನಮ್ಮದು. ಮನೆಯ ಮಾಲೀಕರು ಕೆಳಗಿದ್ದಾರೆ. ತಾರಸಿಯ ಅರ್ಧ ಭಾಗ ನನಗೆ, ಉಳಿದರ್ಧ ಅವರ ಬಟ್ಟೆ ಒಣಗಿಸುವ ತಂತಿಗೆ ಮತ್ತು ಸೋಲಾರ್‌ಗೆ. ಪೇಂಟ್ ಬಕೆಟ್‌ಗಳಲ್ಲಿ ಟೊಮೆಟೊ, ಮೆಣಸಿನಕಾಯಿ, ಬದನೆ ಹಾಕಿದ್ದೇನೆ. ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ಹೀರೆ ಇದೆ. ಅದಕ್ಕೆ ಹಳೆಯ ಕೇಬಲ್ ವೈರಿನಲ್ಲಿ ಚಪ್ಪರ ಕಟ್ಟಿದ್ದೇನೆ.

ಟೊಮೆಟೊ ಮತ್ತು ಮೆಣಸಿನಕಾಯಿಯದು ತಕರಾರಿಲ್ಲ. ಬದನೆ ಹೂವು ಬಿಟ್ಟು ಅರ್ಧದಷ್ಟನ್ನು ಉದುರಿಸುತ್ತದೆ. ಹೀರೆಯದು ಇನ್ನೂ ವಿಚಿತ್ರ. ಚಪ್ಪರದ ತುಂಬ ಹಳದಿ ಹೂವು, ಪುಟ್ಟ ಪುಟ್ಟ ಕಾಯಿಗಳೂ ಕಾಣಿಸಿಕೊಳ್ಳುತ್ತವೆ, ಆದರೆ ನಾಲ್ಕು ದಿನ ಕಳೆಯುವುದರೊಳಗೆ ಹಳದಿಯಾಗಿ ಮುರುಟಿ ಬೀಳುತ್ತವೆ. ಬೇವಿನ ಹಿಂಡಿ ಹಾಕಿದೆ, ಮಜ್ಜಿಗೆ ಸಿಂಪಡಿಸಿದೆ, ಯಾವುದಕ್ಕೂ ಜಗ್ಗಲಿಲ್ಲ. ಜೇನು ಬರುತ್ತಿಲ್ಲ, ಹೂವಿನ ಗಿಡ ಇಡು ಎಂದು ಕಚೇರಿಯಲ್ಲಿ ಒಬ್ಬರು ಹೇಳಿದರು. ರಸ್ತೆ ಬದಿಯ ನರ್ಸರಿಯಿಂದ ಪೆಟೂನಿಯಾ ಮತ್ತು ದಪ್ಪ ದಪ್ಪ ಚೆಂಡು ಹೂವಿನ ಗಿಡ ತಂದಿಟ್ಟೆ. ಅವುಗಳ ಹತ್ತಿರ ಒಂದು ನೊಣವೂ ಸುಳಿಯುವುದಿಲ್ಲ.

ಇನ್ನೊಂದು ವಿಷಯ. ಮಾಲೀಕರಮ್ಮ ಬೆಳಿಗ್ಗೆ ಆರಕ್ಕೆಲ್ಲ ಬುಟ್ಟಿ ಹಿಡಿದು ಮೇಲೆ ಬರುತ್ತಾರೆ. ಶ್ರಾವಣ ಬೇರೆ. ಅರಳಿದ್ದೆಲ್ಲ ದೇವರಿಗೆ. ಬೇಡವೆನ್ನಲು ನನಗೆ ಬಾಯಿಲ್ಲ. ಅವರೇ ಇನ್ನೊಂದು ಕಡೆ, "ಜೇನು ಕರೆಯುತ್ತೀಯಂತೆ, ಹೆಜ್ಜೇನು ಬಂದು ಟ್ಯಾಂಕಿಗೆ ಕಟ್ಟಿದರೆ ಮೊಮ್ಮಕ್ಕಳ ಗತಿಯೇನು" ಎಂದೂ ಕೇಳುತ್ತಿದ್ದಾರೆ.

ಹಾಗಾಗಿ, ಯಾವ ಹೂವು ಹಾಕಬೇಕು, ತರಕಾರಿಯ ಕುಂಡದಲ್ಲೇ ಹಾಕಬಹುದೇ, ಹೆಜ್ಜೇನಿನ ಭಯ ನಿಜವೇ, ದಯವಿಟ್ಟು ತಿಳಿಸಿ. ನಾನು ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ವಾರದ ದಿನಗಳಲ್ಲಿ ಹೆಚ್ಚು ಆರೈಕೆ ಸಾಧ್ಯವಿಲ್ಲ.


ಉತ್ತರ: ಕುಂಚದ ಕೈ

ಹೂವಿನ ಗಿಡದ ತಾಪತ್ರಯವೇ ಬೇಡ ಸರ್. ಗಂಡು ಹೂವು ಕಿತ್ತು, ದಳ ಬಿಡಿಸಿ, ಹೆಣ್ಣು ಹೂವಿನ ನಡುವೆ ಮೃದುವಾಗಿ ಉಜ್ಜಿ. ಮಕ್ಕಳ ಡ್ರಾಯಿಂಗ್ ಕುಂಚ ಇದ್ದರೆ ಅದೂ ಆಗುತ್ತದೆ. ಬೆಳಿಗ್ಗೆ ಕಾಫಿಗೆ ಮುಂಚೆ ಐದು ನಿಮಿಷದ ಕೆಲಸ. ನಾನು ಕುಂಬಳಕ್ಕೆ ಹೀಗೆಯೇ ಮಾಡುತ್ತೇನೆ, ಒಂದೂ ಉದುರುವುದಿಲ್ಲ.


ಉತ್ತರ: ಅಕ್ಕಡಿಸಾಲು, ನಂದಿನಿ ಲೇಔಟ್

ತಮ್ಮ, ನಿಮ್ಮ ಹೀರೆಗೆ ರೋಗವೇನೂ ಇದ್ದಂತಿಲ್ಲ. ಹೀರೆ ಹೂವು ಅರಳುವುದು ಸಂಜೆ ಐದರ ಮೇಲೆ. ನೀವು ಮನೆ ಸೇರುವುದು ಏಳಕ್ಕೆ. ಮೇಲಿನವರು ಹೇಳಿದ ಬೆಳಗಿನ ಉಪಚಾರ ಕುಂಬಳಕ್ಕೆ ಸರಿ, ಅದು ನಸುಕಿನಲ್ಲಿ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಹೀರೆಗೆ ಅದನ್ನೇ ಮಾಡಿದರೆ ಹಿಂದಿನ ಸಂಜೆಯ ಹಳಸಿದ ಹೂವಿಗೆ ಉಜ್ಜಿದಂತೆ ಆಗುತ್ತದೆ, ಅಷ್ಟೆ. ಯಾವ ಹೂವು ಎಷ್ಟು ಹೊತ್ತಿಗೆ ಬಾಯಿ ತೆರೆಯುತ್ತದೆ ಎಂದು ತಿಳಿಯದೆ ಜೇನನ್ನು ದೂರಿ ಏನು ಪ್ರಯೋಜನ?

ಈ ಶನಿವಾರ ಐದೂವರೆಗೆ ಮೇಲೆ ಹೋಗಿ ಬಳ್ಳಿಯ ಒಂದು ಗೆಣ್ಣನ್ನು ಹತ್ತಿರದಿಂದ ನೋಡಿ. ಎಲೆಯ ಬುಡದಿಂದ ಉದ್ದನೆಯ ತೊಟ್ಟು ಹೊರಟು ಅದರ ತುದಿಯಲ್ಲಿ ಮೊಗ್ಗಿನ ಗೊಂಚಲು ಇರುತ್ತದೆ. ಅವೆಲ್ಲ ಗಂಡು, ಸರದಿಯ ಮೇಲೆ ದಿನಕ್ಕೊಂದೋ ಎರಡೋ ಅರಳುತ್ತವೆ. ಅದೇ ಗೆಣ್ಣಿನಲ್ಲಿ ಒಂಟಿಯಾಗಿ, ಬೆನ್ನಿಗೆ ಏಣು ಏಣಾದ ಪುಟ್ಟ ಹೀರೇಕಾಯಿಯನ್ನು ಅಂಟಿಸಿಕೊಂಡು ನಿಂತಿರುವುದು ಹೆಣ್ಣು. ಅರಳುವ ಮುಂಚೆಯೇ ಕಾಯಿ ಇರುವುದರಿಂದ ಕಾಯಿ ಕಚ್ಚಿತು ಎಂದು ನಾವು ಹಿಗ್ಗುತ್ತೇವೆ. ಕಚ್ಚಿರುವುದಿಲ್ಲ. ಪರಾಗ ಮುಟ್ಟದಿದ್ದರೆ ನೀವು ಬರೆದ ಹಾಗೆಯೇ ಮುರುಟಿ ಬೀಳುತ್ತದೆ. ಗಂಡು ಹೂವಿನ ನಡುವೆ ಬೆರಳಿಟ್ಟು ನೋಡಿ, ಅರಿಶಿನ ಮುಟ್ಟಿದಂತೆ ಬೆರಳು ಹಳದಿಯಾದರೆ ಪರಾಗ ಹದವಾಗಿದೆ ಎಂದರ್ಥ. ಆಗ ಮುಟ್ಟಿಸಿ. ವಾರದ ದಿನಗಳಲ್ಲಿ ಏಳಕ್ಕೆ ಬಂದ ಕೂಡಲೇ ಮೊಬೈಲ್ ಬೆಳಕಿನಲ್ಲಿ ಮಾಡಿದರೂ ತಡವೇನಲ್ಲ, ಹೂವು ಆಗಲೂ ಬಿರಿದೇ ಇರುತ್ತದೆ. ಬಳ್ಳಿ ಹೊಸದಾಗಿದ್ದರೆ ಮೊದಮೊದಲು ಬರುವುದೆಲ್ಲ ಗಂಡು ಹೂವೇ. ಅದಕ್ಕೆ ಗಾಬರಿ ಬಿದ್ದು ಗೊಬ್ಬರ ಸುರಿಯಬೇಡಿ, ಸೊಪ್ಪು ಸೊಕ್ಕುತ್ತದೆಯೇ ಹೊರತು ಕಾಯಿ ಬರುವುದಿಲ್ಲ.

ಬದನೆಯ ಕಥೆ ಬೇರೆ. ಅದರ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಉಂಟು. ನಡುವಿನ ಹಳದಿ ಕೇಸರಗಳ ಗುಚ್ಛವನ್ನು ನೋಡಿ. ಅದರ ಮಧ್ಯದಿಂದ ಹಸಿರು ಮೂತಿಯೊಂದು ಹೊರಗೆ ಇಣುಕಿದ್ದರೆ ಆ ಹೂವು ಕಾಯಾಗುತ್ತದೆ. ಮೂತಿ ಒಳಗೇ ಕುಳಿತಿದ್ದರೆ ಅದು ಉದುರುವ ಹೂವು, ಎಂಥ ಜೇನು ಬಂದರೂ ಪ್ರಯೋಜನವಿಲ್ಲ. ಬದನೆ ಒಂದಿಷ್ಟು ಹೂವನ್ನು ಹೀಗೆ ಉದುರಿಸುವುದು ಅದರ ಸ್ವಭಾವ. ಉಳಿದ ಹೂವಿಗೂ ಒಂದು ತೊಡಕಿದೆ. ಬದನೆ, ಟೊಮೆಟೊಗಳ ಪರಾಗ ಕೇಸರದ ಒಳಗಿರುತ್ತದೆ, ಬದನೆಯಲ್ಲಿ ತುದಿಯ ಸಣ್ಣ ರಂಧ್ರದಿಂದಷ್ಟೇ ಹೊರಬರಬೇಕು. ಅದನ್ನು ಅಲುಗಿಸಿ ಉದುರಿಸಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ವಿದ್ಯೆ ಗೊತ್ತಿಲ್ಲ. ದೊಡ್ಡ ಕಪ್ಪು ದುಂಬಿಗೂ ಹೊಟ್ಟೆಯ ಮೇಲೆ ನೀಲಿ ಪಟ್ಟೆ ಇರುವ ಸಣ್ಣ ಜೇನಿಗೂ ಗೊತ್ತು. ಹೂವನ್ನು ಕಾಲಿನಿಂದ ತಬ್ಬಿ ಹಿಡಿದು ರೆಕ್ಕೆ ಆಡಿಸದೆ ಮೈಯನ್ನಷ್ಟೇ ನಡುಗಿಸುತ್ತವೆ, ಝುಂಯ್ ಎಂದು ಸದ್ದು ಬರುತ್ತದೆ, ಪರಾಗ ಸುರಿಯುತ್ತದೆ. ಅವು ಬರುವ ತನಕ ನೀವೇ ಬೆಳಿಗ್ಗೆ ಕಚೇರಿಗೆ ಹೊರಡುವ ಮುಂಚೆ ಹೂವಿನ ತೊಟ್ಟಿಗೆ ಬೆರಳಿನಿಂದ ನಾಲ್ಕು ಸಲ ಚಿಟಿಕೆ ಹೊಡೆಯಿರಿ. ಟೊಮೆಟೊಗೆ ತಾರಸಿಯ ಗಾಳಿಯೇ ಆ ಕೆಲಸ ಮಾಡುತ್ತಿದೆ, ಅದಕ್ಕೇ ನಿಮಗೆ ಅಲ್ಲಿ ತಕರಾರಿಲ್ಲ.

ಈಗ ಹೂವಿನ ವಿಷಯ. ನರ್ಸರಿಯವರು ಮಾರುವುದು ಕಣ್ಣಿಗೆ ಚೆಂದವಾದ ಹೂವನ್ನು. ಆ ದಪ್ಪ ಚೆಂಡು ಹೂವಿನಲ್ಲಿ ದಳದ ಮೇಲೆ ದಳ ಒತ್ತಿಕೊಂಡು ಜೇನಿಗೆ ಮೂತಿ ತೂರಿಸಲು ಜಾಗವೇ ಇರುವುದಿಲ್ಲ. ನಡುವೆ ಕಣ್ಣು ಕಾಣುವ ಒಂಟಿ ಸುತ್ತಿನ ಚೆಂಡು ಹೂವು ಆದರೆ ಬರುತ್ತವೆ. ಅದೂ ಇರಲಿ, ಸೂರ್ಯ ಹುಟ್ಟುವ ಮುಂಚೆ ಅಮ್ಮನವರು ಬುಟ್ಟಿ ತುಂಬಿಸಿಕೊಂಡು ಹೋದರೆ ಒಂಬತ್ತು ಗಂಟೆಗೆ ಬರುವ ಜೇನು ಯಾವುದರ ಮೇಲೆ ಕೂರಬೇಕು? ಅವರ ಕೂಡ ಜಗಳ ಬೇಡ. ಯಾವ ದೇವರೂ ಕೇಳದ ಹೂವು ಬೆಳೆಸಿ. ಸಾಸಿವೆ ಹೂವನ್ನು ಯಾರಾದರೂ ವರಮಹಾಲಕ್ಷ್ಮಿಗೆ ಮುಡಿಸುತ್ತಾರೆಯೇ? ಕೊತ್ತಂಬರಿ ಹೂವನ್ನು? ಸಬ್ಬಸಿಗೆಯನ್ನು?

ನಾನು ಮಾಗಡಿ ಕಡೆಯವಳು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಡದೆ ಬಿತ್ತಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಇಷ್ಟು ಸಾಲು ರಾಗಿಗೆ ಒಂದು ಸಾಲು ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು. ರಾಗಿಗೆ ಜೇನಿನ ಹಂಗಿಲ್ಲ, ಆದರೆ ಹುಚ್ಚೆಳ್ಳಿಗೆ ಅದು ಬಾರದೆ ಕಾಳೇ ಕಟ್ಟುವುದಿಲ್ಲ. ಹಾಗಾಗಿ ಆ ಒಂದು ಸಾಲಿಗಾಗಿ ಇಡೀ ಹೊಲಕ್ಕೆ ಜೇನು ಇಳಿಯುತ್ತಿತ್ತು. ನನ್ನ ತಾರಸಿಯಲ್ಲೂ ಅದನ್ನೇ ಮಾಡಿದ್ದೇನೆ, ಹೊಲದ ಬದಲು ಬಕೆಟ್ಟು. ಬೀಜಕ್ಕೆ ಎಲ್ಲಿಗೂ ಓಡಬೇಡಿ, ನಿಮ್ಮ ಒಗ್ಗರಣೆ ಡಬ್ಬಿಯಲ್ಲೇ ಇದೆ. ಸಾಸಿವೆಯನ್ನು ಚಿಟಿಕೆಯಷ್ಟು ಉದುರಿಸಿ, ಸುಮಾರು ನಲವತ್ತು ದಿನಕ್ಕೆ ಹಳದಿ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ತಿಕ್ಕಿ ಎರಡು ಹೋಳು ಮಾಡಿ ಹಾಕಿ, ಅರ್ಧ ಸೊಪ್ಪು ಸಾರಿಗೆ ಕಿತ್ತುಕೊಳ್ಳಿ, ಅರ್ಧವನ್ನು ಹೂವಿಗೆ ಬಿಡಿ. ದಿನಸಿ ಅಂಗಡಿಯಲ್ಲಿ ಚಟ್ನಿಪುಡಿಗೆಂದು ಮಾರುವ ಹುಚ್ಚೆಳ್ಳು ಹುರಿಯದೇ ಇದ್ದರೆ ಚೆನ್ನಾಗಿ ಹುಟ್ಟುತ್ತದೆ. ಅದಕ್ಕೆ ಹಗಲು ಕಿರಿದಾಗುವ ಕಾಲ ಬೇಕು, ಈಗಲೇ ಬಿತ್ತಿದರೆ ದಸರಾ ದೀಪಾವಳಿಯ ನಡುವೆ ಹೂವು. ಒಂದು ಎಚ್ಚರಿಕೆ: ನಮ್ಮೂರಿನಲ್ಲಿ ದೀಪಾವಳಿಗೆ ದೇವರೆಂದು ಇಡುವ ಸಗಣಿಯ ಬೆನವಣ್ಣನ ತಲೆಗೆ ಹುಚ್ಚೆಳ್ಳು ಹೂವು ಸಿಕ್ಕಿಸುತ್ತಿದ್ದೆವು. ಅಮ್ಮನವರು ಆ ಕಡೆಯವರಾಗಿದ್ದರೆ ಬುಟ್ಟಿ ಮತ್ತೆ ಬರುತ್ತದೆ.

ವರ್ಷವಿಡೀ ಬೇಕಾದರೆ ಕಾಮಕಸ್ತೂರಿ. ಪಾನಕಕ್ಕೆ ನೆನೆಹಾಕುವ ಸಬ್ಜಾ ಬೀಜ ಇದರದೇ. ತೆನೆ ಒಣಗಿದ ಹಾಗೆಲ್ಲ ಕತ್ತರಿಸಿದರೆ ಮತ್ತೆ ಚಿಗುರಿ ಹೂವು ಬಿಡುತ್ತಲೇ ಇರುತ್ತದೆ. ನನ್ನ ತಾರಸಿಯಲ್ಲಿ ಒಂದೇ ಒಂದು ಹೂವಿನ ಗಿಡ ಇಟ್ಟುಕೊಳ್ಳಬೇಕೆಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ಕಡ್ಡಿಜೇನು, ಮಧ್ಯಾಹ್ನ ತುಡುವೆ, ಅದರ ಮಧ್ಯೆ ಸೊಳ್ಳೆಯಷ್ಟೇ ಇರುವ ಮುಜಂಟಿ ಜೇನು.

ಕೊತ್ತಂಬರಿ, ಸಬ್ಬಸಿಗೆ ಹೂವಿನ ಕೊಡೆಗಳಿಗೆ ಇನ್ನೊಂದು ಜಾತಿಯ ನೆಂಟರು ಬರುತ್ತಾರೆ. ಜೇನಿನಂತೆ ಪಟ್ಟೆ ಇದ್ದು, ಗಾಳಿಯಲ್ಲಿ ನಿಂತಲ್ಲೇ ನಿಲ್ಲುವ ನೊಣ. ಅದನ್ನು ಹೊಡೆಯಬೇಡಿ. ಅದರ ಮರಿಹುಳುಗಳು ಗಿಡಹೇನನ್ನು ಹುಡುಕಿ ತಿನ್ನುತ್ತವೆ. ಗುಲಗಂಜಿ ಹುಳುವೂ ಅಷ್ಟೇ. ನನ್ನ ಅಲಸಂದೆಗೆ ಕಪ್ಪು ಹೇನು ಮುತ್ತಿದಾಗ ಪಕ್ಕದಲ್ಲಿ ಸಬ್ಬಸಿಗೆ ಹೂವಾಗಿತ್ತು, ನಾನು ಔಷಧಿಯ ಬಾಟಲಿ ಮುಟ್ಟಲೇ ಇಲ್ಲ.

ಚೆಂಡು ಹೂವನ್ನು ಪೂರ್ತಿ ತೆಗೆದು ಹಾಕಬೇಡಿ, ಅದಕ್ಕೆ ಬೇರೆ ಕೆಲಸ ಇದೆ. ಟೊಮೆಟೊ ಕೊರೆಯುವ ಹುಳುವಿನ ತಾಯಿಚಿಟ್ಟೆ ಚೆಂಡು ಹೂವಿನ ಮೇಲೆ ಮೊಟ್ಟೆ ಇಡಲು ಇಷ್ಟಪಡುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ರೈತರಿಗೆ 16 ಸಾಲು ಟೊಮೆಟೊಗೆ ಒಂದು ಸಾಲು ಚೆಂಡು ಹೂವು ಹಾಕಲು ಹೇಳುವುದು ಇದೇ ಕಾರಣಕ್ಕೆ. 25 ದಿನದ ಟೊಮೆಟೊ ಸಸಿಯ ಜೊತೆ 40 ದಿನದ ಚೆಂಡು ಹೂವಿನ ಸಸಿ ನೆಟ್ಟರೆ ಎರಡೂ ಒಟ್ಟಿಗೆ ಹೂವಿಗೆ ಬರುತ್ತವೆ. ಅಮ್ಮನವರು ದಿನಾ ಕಿತ್ತುಕೊಂಡು ಹೋದರೆ ಹುಳುವಿನ ಮೊಟ್ಟೆಯೂ ಹೋಯಿತು. ಇಲ್ಲಿ ಅವರಿಂದ ನಿಮಗೆ ಉಪಕಾರವೇ.

ಒಂದೇ ಕುಂಡದಲ್ಲಿ ಎರಡನ್ನೂ ತುರುಕಬೇಡಿ. ಡ್ರಮ್ಮಿನ ಅಂಚಿನಲ್ಲಿ ಒಂದು ಕಾಮಕಸ್ತೂರಿ ಇದ್ದರೆ ಹೀರೆ ಸಹಿಸಿಕೊಳ್ಳುತ್ತದೆ, ಟೊಮೆಟೊ ಬಕೆಟ್ಟಿನಲ್ಲಿ ಸಹಿಸುವುದಿಲ್ಲ. ಹೂವಿಗೆ ಐದು ಲೀಟರಿನ ಸಣ್ಣ ಡಬ್ಬಿ ಸಾಕು, ಬೇಕಾದ ಕಡೆಗೆ ಎತ್ತಿಡಬಹುದು. ಆದರೆ ಇಲ್ಲೊಂದು ಅಲ್ಲೊಂದು ಇಡಬೇಡಿ. ಜೇನು ಒಮ್ಮೆ ಹೊರಟರೆ ಒಂದೇ ಜಾತಿಯ ಹೂವನ್ನು ಹಿಡಿದು ಸುತ್ತುತ್ತದೆ, ಹತ್ತು ಬಗೆಯ ಒಂದೊಂದು ಹೂವಿಗಿಂತ ಒಂದೇ ಬಗೆಯ ನಾಲ್ಕು ಡಬ್ಬಿ ಒಟ್ಟಿಗೆ ಇದ್ದರೆ ಅದಕ್ಕೆ ಲಾಭ. ಬೇವಿನೆಣ್ಣೆ ಹೊಡೆಯಲೇಬೇಕೆಂದರೆ ಕತ್ತಲಾದ ಮೇಲೆ, ಎಲೆಯ ಅಡಿಗೆ ಮಾತ್ರ. ಹೀರೆಗಂತೂ ಸಂಜೆ ಬೇಡವೇ ಬೇಡ, ಅದು ಅದರ ಮುಹೂರ್ತ.


ಉತ್ತರ: ಒಂಬತ್ತನೆಯ ಮಹಡಿ, ಕನಕಪುರ ರಸ್ತೆ

ಅಕ್ಕ ಹೇಳಿದ್ದು ತಾರಸಿ ಇರುವವರಿಗೆ ಸರಿ. ನನ್ನಂತೆ ಬಾಲ್ಕನಿಯಲ್ಲಿ ಬೆಳೆಯುವವರಿಗೆ ಅಷ್ಟು ಹೂವು ದುಬಾರಿ. ಎಂಟು ಅಡಿ ಜಾಗ, ಅದರಲ್ಲಿ ಅರ್ಧ ದಿನ ಮಾತ್ರ ಬಿಸಿಲು. ಸಾಸಿವೆ ಹೂವಿಗೆ ಕೊಟ್ಟ ಡಬ್ಬಿಯಲ್ಲಿ ನನಗೆ ವಾರದ ಸೊಪ್ಪು ಬರುತ್ತದೆ. ಪಾರಿವಾಳದ ಬಲೆಯೊಳಗೆ ಜೇನು ಸಲೀಸಾಗಿ ತೂರಿ ಬರುತ್ತದೆ, ತೊಂದರೆ ಅದಲ್ಲ. ಇಲ್ಲಿನ ಗಾಳಿಗೆ ಹೂವೇ ನಿಲ್ಲುವುದಿಲ್ಲ. ಹಾಗಾಗಿ ಜೇನಿನ ಹಂಗಿಲ್ಲದ ಬೆಳೆಯನ್ನೇ ಆರಿಸಿಕೊಂಡಿದ್ದೇನೆ: ಮೆಣಸಿನಕಾಯಿ, ಟೊಮೆಟೊ, ಹುರುಳಿಕಾಯಿ, ಬೆಂಡೆ, ಸೊಪ್ಪುಗಳು. ಸೌತೆ ಬೇಕೆಂದರೆ ಪಾಲಿಹೌಸಿಗೆಂದು ಮಾರುವ ತಳಿಯ ಬೀಜ ತನ್ನಿ, ಅದು ಪರಾಗಸ್ಪರ್ಶವಿಲ್ಲದೆ ಕಾಯಿ ಬಿಡುತ್ತದೆ. ಬೀಜದ ಬೆಲೆ ಮಾತ್ರ ಹೆಚ್ಚು.

ನೀರಿನ ಲೆಕ್ಕವನ್ನೂ ಹಾಕಿ. 2024ರ ಬೇಸಿಗೆಯಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ನೆನಪಿದೆಯಲ್ಲ. ಆಗ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಂದು ಬಕೆಟ್ಟಿನಲ್ಲಿ ಹಿಡಿದಿಟ್ಟು ಗಿಡ ಉಳಿಸಿಕೊಂಡೆವು. ಆ ಬಕೆಟ್ಟಿನಲ್ಲಿ ಎಷ್ಟು ಕುಂಡ ತೋಯುತ್ತದೆಯೋ ಅಷ್ಟೇ ನನ್ನ ತೋಟ.


ಉತ್ತರ: ತುಡುವೆ ಪೆಟ್ಟಿಗೆ

ಹೆಜ್ಜೇನಿನ ವಿಷಯಕ್ಕೆ ಮಾತ್ರ ಬರೆಯುತ್ತೇನೆ. ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದಲ್ಲಿ ಜೇನು ಸಾಕಣೆಯ ತರಬೇತಿ ಪಡೆದು ಮನೆಯ ಹಿಂದೆ ಒಂದು ತುಡುವೆ ಪೆಟ್ಟಿಗೆ ಇಟ್ಟುಕೊಂಡಿರುವವನು ನಾನು.

ಹೂವಿಗೆ ಬರುವ ಜೇನು ಬೇರೆ, ಗೂಡಿನ ಜೇನು ಬೇರೆ ಎಂದು ಮಾಲೀಕರಮ್ಮನವರಿಗೆ ಹೇಳಿ. ಹೂವಿನ ಮೇಲೆ ಕೂತಿರುವ ಜೇನು ಕೆಲಸಕ್ಕೆ ಬಂದಿರುತ್ತದೆ, ಹಿಚುಕದೆ ಇದ್ದರೆ, ಬರಿಗಾಲಿನಲ್ಲಿ ತುಳಿಯದೆ ಇದ್ದರೆ ಚುಚ್ಚುವ ಗೋಜಿಗೆ ಹೋಗುವುದಿಲ್ಲ. ಸಿಟ್ಟು ಬರುವುದು ಗೂಡನ್ನು ಕೆಣಕಿದಾಗ. ಹೆಜ್ಜೇನು ಗೂಡಿಗೆ ಜಾಗ ಹುಡುಕುವುದು ಎತ್ತರ ಮತ್ತು ಅಡ್ಡ ಚಾಚಿದ ಆಸರೆ ನೋಡಿ: ದೊಡ್ಡ ಮರದ ಕೊಂಬೆ, ಎತ್ತರದ ಕಟ್ಟಡದ ಸಜ್ಜ, ನೀರಿನ ಟ್ಯಾಂಕಿನ ತಳ. ಮೇವಿಗೆ ಅದು ಕಿಲೋಮೀಟರುಗಟ್ಟಲೆ ಹಾರುತ್ತದೆ. ನಿಮ್ಮ ನಾಲ್ಕು ಡಬ್ಬಿ ಸಾಸಿವೆಗೆ ಮನಸೋತು ಯಾವ ಹೆಜ್ಜೇನೂ ಸಂಸಾರ ಹೂಡುವುದಿಲ್ಲ. ಗೋಡೆಯ ಬಿರುಕಿನಲ್ಲೋ ಮೀಟರ್ ಬೋರ್ಡಿನ ಪೆಟ್ಟಿಗೆಯಲ್ಲೋ ಮುಜಂಟಿ ಸೇರಿಕೊಳ್ಳಬಹುದು, ಅದಕ್ಕೆ ಚುಚ್ಚುವ ಮುಳ್ಳೇ ಇಲ್ಲ.

ಮಕ್ಕಳಿರುವ ಮನೆಯಾದ್ದರಿಂದ ಒಂದು ಮಾತು. ಹೆಜ್ಜೇನು ರಾತ್ರಿ ದೀಪಕ್ಕೆ ಬರುವ ಜಾತಿ. ತಾರಸಿಯ ದೀಪವನ್ನು ರಾತ್ರಿಯಿಡೀ ಉರಿಸಬೇಡಿ. ನೀರಿಡುವುದಾದರೆ ಅಗಲವಾದ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಕಲ್ಲಿನ ತಲೆ ಒಣಗಿರುವಷ್ಟು ಮಾತ್ರ ನೀರು ಬಿಡಿ, ಇಲ್ಲದಿದ್ದರೆ ಜೇನು ಮುಳುಗಿ ಸಾಯುತ್ತದೆ. ದಿನ ಬಿಟ್ಟು ದಿನ ಚೆಲ್ಲಿ ಬದಲಾಯಿಸಿ, ಡೆಂಗಿ ಸೊಳ್ಳೆಗೆ ತೊಟ್ಟಿಲು ಕಟ್ಟಿಕೊಡಬೇಡಿ.

ಹೊಸದಾಗಿ ನರ್ಸರಿಯಿಂದ ತಂದ ಗಿಡಗಳ ಮೊದಲ ಹೂವುಗಳನ್ನು ಚಿವುಟಿಹಾಕಿ. ಅಲ್ಲಿ ಏನು ಸಿಂಪಡಿಸಿರುತ್ತಾರೋ ನಮಗೆ ಗೊತ್ತಾಗುವುದಿಲ್ಲ, ಕೆಲವು ಕೀಟನಾಶಕಗಳು ಗಿಡದೊಳಗೆ ಇಳಿದು ಮಕರಂದದವರೆಗೂ ಹೋಗುತ್ತವೆ.


ಮರುಪ್ರಶ್ನೆ: ಅರ್ಧ ತಾರಸಿ, ಬಸವೇಶ್ವರನಗರ

ಎಲ್ಲರಿಗೂ ಧನ್ಯವಾದ. ಅಕ್ಕ, ನೀವು ಹೇಳಿದಂತೆ ಶನಿವಾರ ಸಂಜೆ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತೆ. ಐದೂಕಾಲಿಗೆ ಒಂದೂ ಇರಲಿಲ್ಲ, ಆರಕ್ಕೆ ಚಪ್ಪರ ಹಳದಿಯಾಗಿತ್ತು. ಕತ್ತಲಾಗುವ ಹೊತ್ತಿಗೆ ಬೂದುಬಣ್ಣದ ಪತಂಗವೊಂದು ಬಂತು, ಜೇನು ಕಾಣಲಿಲ್ಲ, ಜಿಟಿಜಿಟಿ ಮಳೆಯೂ ಇತ್ತು. ನಾನೇ ಪರಾಗ ಮುಟ್ಟಿಸಿದ ಕಾಯಿಗಳು ಈಗ ಗೇಣುದ್ದ ಆಗಿವೆ. ಆದರೆ ಒಂದು ಕಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗುತ್ತಿದೆ, ಅಲ್ಲಿ ಸೂಜಿ ಚುಚ್ಚಿದಂತೆ ಗುರುತಿದ್ದು ಅಂಟು ಒಸರಿದೆ. ಇದೂ ಪರಾಗದ ತೊಂದರೆಯೇ?

ಸಾಸಿವೆ, ಕೊತ್ತಂಬರಿ ಬಿತ್ತಿ ಆಯಿತು. ಮಾಲೀಕರಮ್ಮ ಬಂದು ನೋಡಿ, ಇದು ಯಾವ ಹೂವು ಎಂದು ಕೇಳಿದರು. ಸಾಸಿವೆ ಎಂದೆ. ಬುಟ್ಟಿ ಎತ್ತಿಕೊಂಡು ಹೋದರು.


ಉತ್ತರ: ಅಕ್ಕಡಿಸಾಲು, ನಂದಿನಿ ಲೇಔಟ್

ಅದು ಪರಾಗದ್ದಲ್ಲ, ಹಣ್ಣು ನೊಣದ್ದು. ಎಳೆಗಾಯಿಯ ಸಿಪ್ಪೆಗೆ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ, ಗಾಯವಾದ ಪಕ್ಕ ಬೆಳೆಯದೆ ಕಾಯಿ ಬಾಗುತ್ತದೆ. ಕುಯ್ದು ನೋಡಿ, ಬಿಳಿ ಹುಳುಗಳು ಸಿಗುತ್ತವೆ. ಆ ಕಾಯಿಯನ್ನು ಗೊಬ್ಬರದ ಡಬ್ಬಿಗೆ ಹಾಕಬೇಡಿ, ಹುಳು ಮಣ್ಣಿಗಿಳಿದು ಮತ್ತೆ ನೊಣವಾಗಿ ಎದ್ದು ಬರುತ್ತದೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಬಿಗಿದು ಎರಡು ದಿನ ಬಿಸಿಲಿಗಿಟ್ಟು ಆಮೇಲೆ ಎಸೆಯಿರಿ. ಇನ್ನು ಮುಂದೆ ಹೂವು ಬಾಡಿ, ಕಾಯಿ ಕಚ್ಚಿದ್ದು ಖಚಿತವಾದ ಕೂಡಲೇ ಹಳೆಯ ದಿನಪತ್ರಿಕೆಯನ್ನು ಕೊಳವೆಯಂತೆ ಸುತ್ತಿ ಕಾಯಿಗೆ ತೊಡಿಸಿ, ಮೇಲುಗಡೆ ದಾರ ಕಟ್ಟಿ. ಮಳೆಗೆ ನೆನೆದು ಹರಿದರೆ ಬದಲಾಯಿಸಿ. ನೊಣವನ್ನು ವಾಸನೆಯಿಂದ ಸೆಳೆದು ಹಿಡಿಯುವ ಮೋಹಕ ಬಲೆ ಅಂಗಡಿಯಲ್ಲಿ ಸಿಗುತ್ತದೆ. ಕೊಳ್ಳುವಾಗ ಬಳ್ಳಿ ತರಕಾರಿಗೆ ಎಂದು ಹೇಳಿ, ಮಾವಿನ ನೊಣದ್ದು ಬೇರೆ. ಈ ಬಲೆ ಗಂಡು ನೊಣವನ್ನಷ್ಟೇ ಹಿಡಿಯುತ್ತದೆ, ಹಾಗಾಗಿ ಕಾಗದ ತೊಡಿಸುವುದನ್ನು ಬಿಡಬೇಡಿ.

ಮಳೆಯಲ್ಲಿ ಜೇನು ಹೊರಡುವುದಿಲ್ಲ, ಅದಕ್ಕೆ ಬೇಸರ ಬೇಡ. ಸಾಸಿವೆ ಅರಳುವ ಹೊತ್ತಿಗೆ ಒಂದಿಷ್ಟು ಬಿಸಿಲು ಬರುತ್ತದೆ. ಮೊದಲ ಬಕೆಟ್ಟು ಹೂವು ಬಿಡುವಾಗಲೇ ಎರಡನೆಯದಕ್ಕೆ ಬೀಜ ಹಾಕಿಬಿಡಿ. ನಡುವೆ ಹೂವಿಲ್ಲದ ವಾರ ಬಂದರೆ ಜೇನು ನಿಮ್ಮ ತಾರಸಿಯ ದಾರಿ ಬಿಡುತ್ತದೆ.


ಉತ್ತರ: ಕುಂಚದ ಕೈ

ಅಕ್ಕ, ಈ ಸಲ ಸೋರೆ ಹಾಕಿದ್ದೇನೆ. ಅದಕ್ಕೂ ಸಂಜೆಯೇ?


ಉತ್ತರ: ಅಕ್ಕಡಿಸಾಲು, ನಂದಿನಿ ಲೇಔಟ್

ಸೋರೆಗೂ ಸಂಜೆಯೇ, ಬಿಳಿ ಹೂವು, ಪತಂಗದ ಹೂವು. ಹಾಗಲ, ಸೌತೆ, ಕುಂಬಳ, ತುಪ್ಪದ ಹೀರೆಗೆ ಬೆಳಿಗ್ಗೆ. ನಿಮ್ಮ ಕಾಫಿಯ ಹೊತ್ತು ಇವಕ್ಕೆ ಇರಲಿ.